ಬಳ್ಳಾರಿ ಸೀಮೆಯಲ್ಲಿ ಕನ್ನಡದ ಪ್ರಾರ್ಥನೆ

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ಗಾದಿಗನೂರು ದಾರಿಯಲ್ಲಿ ಸಿಗುವ ಒಂದು ಸಣ್ಣ ನಿಲ್ದಾಣ. ಅದರ ಪಶ್ಚಿಮಕ್ಕೆ ಹಂಪೆ: ವಿರೂಪಾಕ್ಷನ ಸನ್ನಿಧಿ, ಹರಿಹರನ ರಗಳೆಗಳು ಹುಟ್ಟಿದ ನೆಲ, ಪುರಂದರದಾಸರ ಹೆಸರನ್ನು ಹೊತ್ತು ತುಂಗಭದ್ರೆಯ ದಡದಲ್ಲಿ ನಿಂತಿರುವ ಮಂಟಪ. ಪೂರ್ವಕ್ಕೆ ಬಳ್ಳಾರಿ. ಈ ಎರಡರ ನಡುವಣ ಬಯಲಿನಲ್ಲಿ, ಇನ್ನೂರು ವರ್ಷಗಳಷ್ಟು ಹಿಂದೆ, ಕನ್ನಡ ಭಾಷೆಗೆ ಒಂದು ಹೊಸ ಕೆಲಸ ಬಂದೊದಗಿತು. ದಿನದಿನವೂ ಓದಿ, ದಿನದಿನವೂ ಬೇಡಿಕೊಂಡು ದೇವರ ಹತ್ತಿರಕ್ಕೆ ಸರಿಯಬೇಕೆಂಬ ಕ್ರೈಸ್ತ ಸಾಧನೆಗೆ ಕನ್ನಡದಲ್ಲಿ ಮಾತು ಒದಗಿಸುವ ಕೆಲಸ ಅದು. ಮತಾಂತರದ ಚರಿತ್ರೆಯನ್ನು ಹಲವರು ಬರೆದಿದ್ದಾರೆ, ಅದರ ಬಗೆಗೆ ವಾದವಿವಾದಗಳೂ ನಡೆದಿವೆ. ಆ ಸಾಧನೆ ಕನ್ನಡದ್ದಾದುದು ಹೇಗೆ ಎಂಬುದಷ್ಟೇ ನಾನು ಇಲ್ಲಿ ಆಲೋಚಿಸಹೊರಟಿರುವ ವಿಷಯ.

ನಿಜಾಮನು 1800ರಲ್ಲಿ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇಲ್ಲಿನ ಕಲೆಕ್ಟರನಾಗಿ ಏಳು ವರ್ಷ ದುಡಿದು ಹಿಂದಿರುಗಿದ ಮೇಲೆ, 1810ರಲ್ಲಿ, ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬಳ್ಳಾರಿಗೆ ಬಂದರು. ಅವರು ಮೊದಲು ಹೋಗಬೇಕೆಂದಿದ್ದುದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ಅವಕಾಶ ದೊರೆಯದ ಕಾರಣ ಬಳ್ಳಾರಿ ಅವರ ಪಾಲಿಗೆ ಬಂತು. ಅವರನ್ನು ಕಳುಹಿಸಿದ್ದ ಲಂಡನ್ ಮಿಷನರಿ ಸೊಸೈಟಿ 1795ರಲ್ಲಿ ಹುಟ್ಟಿದ ಸಂಸ್ಥೆ. ಅದರಲ್ಲಿ ಹೆಚ್ಚಿನವರು ಗೊತ್ತಾದ ಪ್ರಾರ್ಥನಾಗ್ರಂಥವೊಂದಕ್ಕೆ ಕಟ್ಟುಬೀಳದ ಪಂಗಡದವರು. ಇದು ಸಣ್ಣ ಸಂಗತಿಯಂತೆ ತೋರಬಹುದು. ನನ್ನ ದೃಷ್ಟಿಯಲ್ಲಿ ಮುಖ್ಯವಾದುದು ಇದೇ. ಬಾಯಿಪಾಠದ ಮಂತ್ರವಿಲ್ಲ, ಹಾಡಲು ತಾಳವಿಲ್ಲ. ಬೆಳಿಗ್ಗೆ ಎದ್ದು ವೇದದ ಒಂದು ಭಾಗವನ್ನು ಓದಬೇಕು, ಅನಂತರ ಮನಸ್ಸಿನಲ್ಲಿದ್ದುದನ್ನು ತನ್ನ ಮಾತಿನಲ್ಲೇ ದೇವರ ಮುಂದೆ ಹೇಳಿಕೊಳ್ಳಬೇಕು. ಅಂಥ ಅಭ್ಯಾಸದಲ್ಲಿ ಬೆಳೆದವರಿಗೆ ಓದುವ ಗ್ರಂಥವೇ ಇಲ್ಲದ ಭಾಷೆಯಲ್ಲಿ ಇತರರಿಗೆ ಏನನ್ನು ಕಲಿಸಲು ಸಾಧ್ಯ?

ಆದ್ದರಿಂದ ಹ್ಯಾಂಡ್ಸ್ ಭಾಷಾಂತರಕ್ಕೆ ಕುಳಿತರು. ಆಗ ಪರದೇಶದವನು ಕನ್ನಡ ಕಲಿಯಲು ಅಚ್ಚಾದ ವ್ಯಾಕರಣವೇ ಇರಲಿಲ್ಲ. ವಿಲಿಯಂ ಕೇರಿಯ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಬಳ್ಳಾರಿಯ ಪಂಡಿತರನ್ನೂ ಬೀದಿಯ ಜನರನ್ನೂ ಕೇಳಿ ಕಲಿತ ಕನ್ನಡದಿಂದ ಕೆಲಸ ಸಾಗಿತು. 1820ರ ದಶಕದ ಆರಂಭದ ವೇಳೆಗೆ ಹೊಸ ಒಡಂಬಡಿಕೆ, 1831ರ ವೇಳೆಗೆ ಇಡೀ ಬೈಬಲು ಕನ್ನಡಕ್ಕೆ ಬಂತು. ಹ್ಯಾಂಡ್ಸರ ಜೊತೆಗಾರ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲೂ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲೂ ಹೊರತಂದರು. ನಮ್ಮ ನಿಘಂಟುಗಳ ಇತಿಹಾಸದಲ್ಲಿ ರೀವ್ ಅವರಿಗೆ ಸ್ಥಾನವಿದೆ. ಆ ನಿಘಂಟು ಹುಟ್ಟಿದುದು ಪ್ರಾರ್ಥನೆ ಮಾಡುವವರ ಮನೆಯಲ್ಲಿ ಎಂಬುದು ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

ಈ ಮಿಷನರಿಗಳು ಹಂಪೆಯ ಜಾತ್ರೆಗೂ ಹೋಗಿ ಉಪದೇಶ ಮಾಡಿ ಪುಸ್ತಕ ಹಂಚುತ್ತಿದ್ದರು. ಆದರೆ ಜಾತ್ರೆಯಲ್ಲಿ ನೆರೆದಿದ್ದವರಿಗೆ ನಿತ್ಯಸಾಧನೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಊಟ ಮಾಡದವರು ಅಲ್ಲಿದ್ದರು. ದಾಸರ ಪದವನ್ನು ಹೇಳಿಕೊಳ್ಳದೆ ಬೆಳಗು ಕಾಣದವರಿದ್ದರು. ಹೊತ್ತುಹೊತ್ತಿಗೆ ನಮಾಜು ಮಾಡುವವರೂ ಆ ಊರುಗಳ ಸುತ್ತ ಇದ್ದರು. ಹೊಸದು ಎನ್ನಬಹುದಾದುದು ಅದರ ರೀತಿ. ಅಚ್ಚಾದ ಗದ್ಯವನ್ನು ಮನೆಯವರೆಲ್ಲ ಕುಳಿತು ಕೇಳುವುದು, ಗದ್ಯದಲ್ಲೇ ದೇವರೊಡನೆ ಮಾತಾಡುವುದು. ದೇವರೊಡನೆ ಗದ್ಯದ ನಡೆಯಲ್ಲಿ ಮಾತಾಡಿದವರು ನಮ್ಮ ಶರಣರೇ ಅಲ್ಲವೆ ಎಂದು ತಾವು ಕೇಳಬಹುದು. ನಿಜ. ಆದರೆ ವಚನಗಳು ಆ ಕಾಲಕ್ಕೆ ಓಲೆಗರಿಗಳಲ್ಲಿ, ಮಠಗಳಲ್ಲಿ ಇದ್ದವು, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬೆಳಕು ಕಂಡದ್ದು 1923ರಲ್ಲಿ. ಹ್ಯಾಂಡ್ಸರ ಕೈಗೆ ಅವು ಅಚ್ಚಿನಲ್ಲಿ ಸಿಕ್ಕಿದ್ದರೆ ಬಳ್ಳಾರಿಯ ಬೈಬಲಿನ ಕನ್ನಡ ಯಾವ ರೂಪ ತಾಳುತ್ತಿತ್ತೋ ಎಂದು ನಾನು ಎಷ್ಟೋ ಸಲ ಕುತೂಹಲಪಟ್ಟಿದ್ದೇನೆ.

ಹಾಗಿದ್ದರೂ ಹಂಪೆಯ ಭಕ್ತಿ ಬಳ್ಳಾರಿಯ ಪ್ರಾರ್ಥನೆಯೊಳಕ್ಕೆ ಬೇರೊಂದು ದಾರಿಯಿಂದ ಬಂದೇಬಂತು. ದಾವೀದನ ಹಾಡುಗಳಿಗೆ ಕನ್ನಡ ಬೈಬಲಿನಲ್ಲಿ ನಿಂತ ಹೆಸರು ‘ಕೀರ್ತನೆಗಳು’. ಯೆಹೂದ್ಯರ ಅರಸನ ಗೋಳು ಮತ್ತು ಸ್ತುತಿ ಹರಿದಾಸರ ಶಬ್ದವನ್ನು ಹೊದ್ದುಕೊಂಡು ಕನ್ನಡಿಗರ ಮನೆ ಹೊಕ್ಕವು. ಕೃಪೆ, ಸ್ತೋತ್ರ, ಆರಾಧನೆ, ಉಪವಾಸ ಇವೆಲ್ಲ ಇಲ್ಲಿನವೇ. ಕಥೋಲಿಕರ ಬಳಕೆಯಲ್ಲಿ ಇದು ಇನ್ನೂ ಸ್ಪಷ್ಟ: ಅವರಿಗೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳು ‘ತಪಸ್ಸು ಕಾಲ’, ಮಣಿಯೆಣಿಸುವ ಪ್ರಾರ್ಥನೆ ‘ಜಪಮಾಲೆ’, ಗುರುಗಳು ಅರ್ಪಿಸುವುದು ‘ಬಲಿಪೂಜೆ’. ಬಳ್ಳಾರಿ 1949ರಲ್ಲಿ ಒಂದು ಕಥೋಲಿಕ ಧರ್ಮಪ್ರಾಂತವಾಯಿತು. ಪ್ರೊಟೆಸ್ಟಂಟರು ‘ಪೂಜೆ’ ಎಂಬ ಪದದಿಂದ ದೂರ ನಿಂತರು. ಅವರ ಅಂಜಿಕೆಗೆ ಕಾರಣವಿತ್ತು. ಆದರೂ ದೇವರನ್ನು ಸಂಬೋಧಿಸುವಾಗ ಅವರೂ ‘ನೀನು’ ಎಂದೇ ಕರೆದರು. ಊರ ಗೌಡನಿಗೆ ‘ನೀವು’, ದೇವರಿಗೆ ‘ನೀನು’ ಎಂಬ ಸಲಿಗೆಯನ್ನು ಶರಣರೂ ದಾಸರೂ ಮೊದಲೇ ಗಳಿಸಿಕೊಟ್ಟಿದ್ದರು.

ನಿತ್ಯ ಓದುವ ಅಭ್ಯಾಸಕ್ಕೆ ಬಲ ಬಂದುದು ಬಾಸೆಲ್ ಮಿಷನ್ನಿನಿಂದ. ಅವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಅವರ ಹಿಂದೆ ಜರ್ಮನಿಯ ಭಕ್ತಿಪಂಥದ ಪರಂಪರೆಯಿತ್ತು. ಹೆರ‍್ನ್‌ಹೂಟ್ ಎಂಬ ಹಳ್ಳಿಯಲ್ಲಿ ದಿನಕ್ಕೊಂದು ವೇದವಾಕ್ಯವನ್ನು ಗೊತ್ತುಮಾಡಿ ಪುಸ್ತಕವಾಗಿ ಅಚ್ಚು ಹಾಕುವ ರೂಢಿ 1731ರಿಂದ ಇಂದಿನವರೆಗೂ ನಡೆದಿದೆ. ಬೆಳಿಗ್ಗೆ ಸಂಜೆ ಮನೆಮಂದಿಯೆಲ್ಲ ಕೂಡಿ ಓದಿ ಹಾಡಿ ಪ್ರಾರ್ಥಿಸುವುದು ಅವರಿಗೆ ಊಟದಷ್ಟೇ ಸಹಜ. ಹೀಗೆ ದಿನವೂ ಗಟ್ಟಿಯಾಗಿ ಓದಿದಾಗಲೇ ಬಳ್ಳಾರಿಯ ಭಾಷಾಂತರದ ತೊಡಕುಗಳು ನಾಲಿಗೆಗೆ ತಟ್ಟುತ್ತವೆ. ಮೋಗ್ಲಿಂಗರ ಬಂಧು ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ಬೈಬಲಿನ ಪರಿಷ್ಕರಣಕ್ಕೆ ತಮ್ಮ ಶಕ್ತಿಯನ್ನು ಸುರಿದರು. ಇತ್ತ 1853ರಲ್ಲಿ ಬಂದ ಕಿಟೆಲ್ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ ‘ಕಥಾಮಾಲೆ’ಯನ್ನು ಕೊಟ್ಟರು. ಗದ್ಯವೊಂದೇ ಸಾಲದೆಂದು ಅವರಿಗೆ ತಿಳಿದಿತ್ತು.

ಮಿಷನ್ನಿನ ವರದಿಗಳು ದೀಕ್ಷಾಸ್ನಾನ ಪಡೆದವರನ್ನು ಎಣಿಸುತ್ತವೆ, ಶಾಲೆಯ ಮಕ್ಕಳನ್ನು ಎಣಿಸುತ್ತವೆ, ಹಂಚಿದ ಪುಸ್ತಕಗಳನ್ನು ಎಣಿಸುತ್ತವೆ. ಓದು ಬಾರದ ಹೆಂಗಸೊಬ್ಬಳು ಕೇಳಿ ಕೇಳಿ ಕಂಠಸ್ಥ ಮಾಡಿಕೊಂಡ ಕೀರ್ತನೆಯನ್ನು ನೀರು ಸೇದುವಾಗ ಹೇಳಿಕೊಂಡರೆ ಅದು ಯಾವ ಕಡತಕ್ಕೂ ಏರುವುದಿಲ್ಲ. ದೇವರ ಸಾಮೀಪ್ಯವನ್ನು ಅಳೆಯುವ ಕೋಲು ಚರಿತ್ರಕಾರನಲ್ಲಿಲ್ಲ. ಕೃಪೆ ದೇವರು ಕೊಡುವುದು, ಮನುಷ್ಯ ದುಡಿದು ಗಳಿಸುವುದಲ್ಲ ಎಂದು ಬೋಧಿಸಿದವರೇ ಒಂದು ದಿನವೂ ತಪ್ಪದೆ ಮೊಳಕಾಲೂರಿದರು ಎಂಬ ವಿಚಿತ್ರವನ್ನು ಮಾತ್ರ ಅವನು ಕಾಣಬಲ್ಲ. ಶರಣರ ‘ಪ್ರಸಾದ’ ತತ್ತ್ವವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ವಿರೋಧವೆಂದು ತೋರಲಾರದು.

ಬಳ್ಳಾರಿ ಎರಡು ಭಾಷೆಗಳ ಊರು. ತೆಲುಗಿನಲ್ಲಿ ‘ನಮ್ಮ’ ಎಂಬುದಕ್ಕೆ ಎರಡು ಮಾತುಗಳಿವೆ: ಕೇಳುವವನನ್ನೂ ಸೇರಿಸಿಕೊಂಡರೆ ‘ಮನ’, ಅವನನ್ನು ಬಿಟ್ಟು ಹೇಳಿದರೆ ‘ಮಾ’. ಆದ್ದರಿಂದ ತೆಲುಗಿನ ಉಪದೇಶಿ ಸಭೆಯವರಿಗೆ ತಂದೆಯಾದ ದೇವರ ವಿಷಯ ಹೇಳುವಾಗ ‘ಮನ’ ಎನ್ನುತ್ತಾನೆ. ಅದೇ ದೇವರ ಕಡೆಗೆ ತಿರುಗಿ ಪ್ರಾರ್ಥಿಸತೊಡಗಿದ ಕೂಡಲೆ ‘ಮಾ’ ಎನ್ನಬೇಕಾಗುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ನಮ್ಮ’ ಒಂದೇ. ಅದೇ ಬೀದಿಯ ಕನ್ನಡದ ಮನೆಯಲ್ಲಿ ಯಜಮಾನನು ಮಕ್ಕಳಿಗೆ ಹೇಳುತ್ತಿದ್ದ ಮಾತು ಎಲ್ಲಿ ನಿಂತಿತು, ದೇವರಿಗೆ ಹೇಳುವ ಮಾತು ಎಲ್ಲಿ ತೊಡಗಿತು ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಅವನು ಕಣ್ಣು ಮುಚ್ಚಿದುದನ್ನು ನೋಡಿಯೇ ಮಕ್ಕಳು ತಿಳಿದುಕೊಳ್ಳಬೇಕು.