ಕಪ್ಪು ಮನೆಯಲ್ಲಿ ಒಂದು ವಾರ

ಪರದೇಶದಲ್ಲಿ ರಜೆ ಕಳೆಯುವುದೆಂದರೆ ಹೋಟೆಲಿನಲ್ಲಿ ಇಳಿದುಕೊಳ್ಳುವುದು ಎಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಬ್ರಿಟನ್ನಿನಲ್ಲಿ ಇನ್ನೊಂದು ಪದ್ಧತಿಯೂ ಬಹುಕಾಲದಿಂದ ರೂಢಿಯಲ್ಲಿದೆ. ಊರಾಚೆಯ ಒಂದು ಪುಟ್ಟ ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿಯುವುದು, ಬೇಕಾದ ದಿನಸಿ ತಂದಿಟ್ಟುಕೊಳ್ಳುವುದು, ಅಡುಗೆಯನ್ನು ತಾವೇ ಮಾಡಿಕೊಂಡು ಇರುವುದು. ಹೀಗೆ ಬಾಡಿಗೆಗೆ ಸಿಗುವ ಮನೆಗಳಲ್ಲಿ ಕೆಲವಕ್ಕೆ ದೊಡ್ಡ ಚರಿತ್ರೆಯೇ ಇರುತ್ತದೆ. ಅಂಥದೊಂದು ಮನೆಗೆ ಈಗ ನಿಮ್ಮನ್ನು ಕರೆದೊಯ್ಯುತ್ತೇನೆ.

ಸ್ಕಾಟ್ಲೆಂಡಿನ ವಾಯವ್ಯಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಹೊರ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. ಅದರ ಉತ್ತರದ ತುದಿಯಲ್ಲಿರುವುದು ಲೂಯಿಸ್. ಮುಖ್ಯಭೂಮಿಯ ಅಲ್ಲಪೂಲ್ ಬಂದರಿನಲ್ಲಿ ಹಡಗು ಹತ್ತಿದರೆ ಎರಡೂಮುಕ್ಕಾಲು ಗಂಟೆಯಲ್ಲಿ ಸ್ಟಾರ್ನೊವೇ ಪಟ್ಟಣ ತಲಪುತ್ತೀರಿ. ದಿನಸಿಯನ್ನು ಅಲ್ಲಿಯೇ ಕೊಂಡುಕೊಳ್ಳುವುದು ಜಾಣತನ. ಶನಿವಾರ ಸಂಜೆಯೊಳಗೆ ಕೊಂಡರೆ ಇನ್ನೂ ಒಳ್ಳೆಯದು. ಭಾನುವಾರವನ್ನು ದೇವರ ದಿನವೆಂದು ಕಟ್ಟುನಿಟ್ಟಾಗಿ ಪಾಲಿಸುವ ದ್ವೀಪವಿದು. ಸ್ಟಾರ್ನೊವೇಗೆ ಭಾನುವಾರದ ಹಡಗು ಸಂಚಾರ ಆರಂಭವಾದದ್ದೇ 2009ರಲ್ಲಿ. ಅಲ್ಲಿಂದ ಪಶ್ಚಿಮ ಕರಾವಳಿಯತ್ತ ಮರಗಳಿಲ್ಲದ ಬಯಲು ದಾಟಿ ಹೋದರೆ ಕಡಲಿಗೆ ಮುಖಮಾಡಿ ಕುಳಿತ ಗಿಯರನ್ನನ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ನಿಮ್ಮ ಮನೆ ಇರುವುದು ಇಲ್ಲಿಯೇ.

ಮನೆಯನ್ನು ಹೊರಗಿನಿಂದ ಒಮ್ಮೆ ಸುತ್ತಿ ನೋಡಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ. ಒಂದಲ್ಲ, ಎರಡು ಗೋಡೆಗಳು. ನಡುವೆ ಮಣ್ಣು ತುಂಬಿದೆ. ಬಿರುಗಾಳಿ ತಡೆಯದೆ ಜಾರಿಹೋಗಲೆಂದು ಮೂಲೆಗಳನ್ನು ದುಂಡಗೆ ಮಾಡಿದ್ದಾರೆ. ಹುಲ್ಲಿನ ಮಾಡು ಹೊರಗೋಡೆಯಾಚೆಗೆ ಚಾಚದೆ ಒಳಗೋಡೆಯ ಮೇಲೆಯೇ ನಿಂತಿದೆ. ಗಾಳಿಗೆ ಹಿಡಿದೆತ್ತಲು ಸೂರಿನ ಅಂಚೇ ಸಿಗದು. ಮಾಡಿನ ಮೇಲೆ ಹಗ್ಗದ ಬಲೆ ಹಾಸಿ ಅಂಚಿಗೆ ಕಲ್ಲುಗಳನ್ನು ಕಟ್ಟಿ ಇಳಿಬಿಟ್ಟಿದ್ದಾರೆ. ಗೇಲಿಕ್ ಭಾಷೆಯಲ್ಲಿ ಇದಕ್ಕೆ 'ಕಪ್ಪು ಮನೆ' ಎಂಬ ಅರ್ಥದ ಹೆಸರಿದೆ. ಗಾರೆ ಹಾಕಿದ ಹೊಸ ಬಗೆಯ 'ಬಿಳಿ ಮನೆ'ಗಳು ಬಂದ ಮೇಲೆ ಹಳೆಯದಕ್ಕೆ ಈ ಹೆಸರು ಅಂಟಿಕೊಂಡಿತು.

ಇಂದು ಒಳಗೆ ನಿಮಗೆ ವಿದ್ಯುತ್ ಒಲೆಯಿದೆ, ಬಿಸಿನೀರಿದೆ. ಹಿಂದೆ ಹೀಗಿರಲಿಲ್ಲ. ಕಪ್ಪು ಮನೆಗೆ ಹೊಗೆಗೂಡಿರಲಿಲ್ಲ. ನೆಲದ ನಡುವೆ ಬೆಂಕಿ ಉರಿಯುತ್ತಿತ್ತು. ಹೊಗೆ ಮಾಡಿನ ಹುಲ್ಲಿನ ಮೂಲಕ ತಾನಾಗಿ ಹೊರಹೋಗುತ್ತಿತ್ತು. ಉರುವಲು ಸೌದೆಯಲ್ಲ, ಪೀಟ್. ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಗಟ್ಟಿಯಾದ ಸಸ್ಯಗಳ ಮಣ್ಣು ಅದು. ಬೇಸಿಗೆಗೆ ಮುನ್ನ ಅದನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಚಳಿಗಾಲಕ್ಕೆ ಒಟ್ಟುತ್ತಿದ್ದರು. ಅದೇ ಮಾಡಿನಡಿ ಇಳಿಜಾರಿನ ಕಡೆ ದನಗಳಿಗೆ ಜಾಗ. ಅವುಗಳ ಮೈಬಿಸಿಯೂ ಮನೆಗೆ ಆಸರೆ. ಮಸಿ ಹಿಡಿದ ಹಳೆಯ ಹುಲ್ಲನ್ನು ಇಳಿಸಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಹೊರಗಿನಿಂದ ಬಂದವರು ಇದನ್ನು ಕಂಡು ಮೂಗು ಮುಚ್ಚಿಕೊಂಡು, ದ್ವೀಪದ ಜನ ಕೊಳಕರೆಂದು ಬರೆದರು. ಆದರೆ ಇವರು ಇದಕ್ಕಿಂತ ದೊಡ್ಡ ಮನೆಯನ್ನು ಏಕೆ ಕಟ್ಟಿಕೊಳ್ಳಲಿಲ್ಲ ಎಂದು ಕೇಳಿದವರು ಕಡಿಮೆ.

ಉತ್ತರ ಸರಳವಾಗಿದೆ. ಮನೆ ಅವರದಾಗಿರಲಿಲ್ಲ. ಕಲ್ಲು ಹೊತ್ತವರು ಅವರು, ಹುಲ್ಲು ಹೊದಿಸಿದವರು ಅವರು. ಆದರೆ ನೆಲ ಜಮೀನ್ದಾರನದು. ಇಲ್ಲಿನ ಸಣ್ಣ ಹಿಡುವಳಿಗೆ ಕ್ರಾಫ್ಟ್ ಎಂದೂ ಅದನ್ನು ಗೇಣಿಗೆ ಮಾಡುವವನಿಗೆ ಕ್ರಾಫ್ಟರ್ ಎಂದೂ ಹೆಸರು. ಗೇಣಿ ಬಹುಪಾಲು ವರ್ಷದಿಂದ ವರ್ಷಕ್ಕೆ. ಒಂದು ನೋಟೀಸು ಬಂದರೆ ಒಕ್ಕಲೇಳಬೇಕು. ಕಟ್ಟಿದ ಮನೆಗೆ, ಹಸನು ಮಾಡಿದ ನೆಲಕ್ಕೆ ಕವಡೆ ಕಾಸಿನ ಪರಿಹಾರವೂ ಇರಲಿಲ್ಲ. ಹೀಗಿರುವಾಗ ಯಾರು ತಾನೇ ದೊಡ್ಡ ಮನೆಗೆ ಕೈ ಹಾಕುತ್ತಾರೆ? ಆ ಸೀಮೆಯಲ್ಲಿ ಮರ ಅಪರೂಪವಾದ್ದರಿಂದ, ಒಕ್ಕಲೆದ್ದು ಹೋಗುವವರು ಮಾಡಿನ ತೊಲೆಗಳನ್ನೇ ಬಿಚ್ಚಿ ಹೊತ್ತೊಯ್ಯುತ್ತಿದ್ದುದೂ ಉಂಟು.

ಇಲ್ಲಿ ಒಂದು ಮಾತು ಹೇಳಬೇಕು. ನೀವು ದಿನಸಿ ಕೊಂಡ ಸ್ಟಾರ್ನೊವೇ ಕನ್ನಡ ನಾಡಿಗೆ ಹೊರಗಿನ ಊರೇನಲ್ಲ. ನಮ್ಮ ಚರಿತ್ರೆಯ ಅಭ್ಯಾಸಿಗಳಿಗೆಲ್ಲ ಪರಿಚಿತನಾದ ಕಾಲಿನ್ ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಅದೇ ಪಟ್ಟಣದಲ್ಲಿ. ಅಲ್ಲಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಆತ 1783ರಲ್ಲಿ ಕಂಪನಿ ಸೇವೆಗೆ ಸೇರಿ ಮದರಾಸಿಗೆ ಬಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ನಡೆಸಿದ. ಕಾವಲಿ ಸೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವಿನಿಂದ ಊರೂರಿನ ಶಾಸನ, ಕೈಫಿಯತ್ತು, ಹಸ್ತಪ್ರತಿಗಳನ್ನು ಸಂಗ್ರಹಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ನಮ್ಮ ಹಳ್ಳಿಗಳ ನೆಲದ ಕಥೆ ಲೂಯಿಸ್‌ನವನೊಬ್ಬನಿಂದ ಕಾಗದಕ್ಕೆ ಇಳಿಯಿತು. ಲೂಯಿಸ್‌ನ ಗೇಣಿದಾರರ ಮಾತು ಕಾಗದಕ್ಕೆ ಇಳಿಯಲು ಮಾತ್ರ ಇನ್ನೂ ಬಹುಕಾಲ ಕಾಯಬೇಕಾಯಿತು.

1844ರಲ್ಲಿ ಇಡೀ ಲೂಯಿಸನ್ನು ಜೇಮ್ಸ್ ಮ್ಯಾಥಿಸನ್ ಎಂಬಾತ 1,90,000 ಪೌಂಡಿಗೆ ಕೊಂಡುಕೊಂಡ. ಇಷ್ಟು ಹಣ ಎಲ್ಲಿಂದ ಬಂತೆಂದರೆ, ಚೀನಾದೊಡನೆ ನಡೆಸಿದ ವ್ಯಾಪಾರದಿಂದ. ಆ ವ್ಯಾಪಾರದ ಜೀವಾಳ ಅಫೀಮು. ಅದು ಬೆಳೆದದ್ದು ನಮ್ಮ ಗಂಗಾ ಬಯಲಿನಲ್ಲಿ, ಮಾಳವದಲ್ಲಿ. ಮ್ಯಾಥಿಸನ್ ಸ್ಟಾರ್ನೊವೇಯಲ್ಲಿ ಕೋಟೆಯಂಥ ಬಂಗಲೆ ಕಟ್ಟಿಸಿದ. 1846ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕ್ಷಾಮ ಬಂದಾಗ ಧಾನ್ಯ ತರಿಸಿದ, ರಸ್ತೆ ಕೆಲಸ ಹೂಡಿದ ಎಂಬುದನ್ನೂ ಹೇಳಬೇಕು. ಆದರೆ ಗೇಣಿ ಬಾಕಿ ಏರಿದಾಗ ಅವನ ಆಡಳಿತ ಕಂಡುಕೊಂಡ ದಾರಿ ಬೇರೆ. 1851ರಿಂದ 1855ರ ನಡುವೆ 1,700ಕ್ಕೂ ಹೆಚ್ಚು ಮಂದಿಯನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಲಾಯಿತು.

ಮ್ಯಾಥಿಸನ್ನನ ಪಾರುಪತ್ಯಗಾರ ಡೊನಾಲ್ಡ್ ಮನ್ರೋ. ಅವನ ಮಾತೇ ದ್ವೀಪದ ಕಾನೂನು. 1874ರಲ್ಲಿ ಬರ್ನೆರಾ ಎಂಬ ಕಿರುದ್ವೀಪದವರು ತಮ್ಮ ಗೋಮಾಳ ಬಿಟ್ಟುಕೊಡಲು ಒಪ್ಪದಿದ್ದಾಗ 58 ಮಂದಿಗೆ ಒಕ್ಕಲೆಬ್ಬಿಸುವ ನೋಟೀಸು ಹೋಯಿತು. ನೋಟೀಸು ಜಾರಿಮಾಡಿ ಹಿಂದಿರುಗುತ್ತಿದ್ದ ಅಮೀನನ ಮೇಲೆ ಮಣ್ಣಹೆಂಟೆಗಳು ಬಿದ್ದವು, ಕೋಟು ಹರಿಯಿತು. ಮೂವರ ಮೇಲೆ ಮೊಕದ್ದಮೆ ಹೂಡಿದರು. ಬರ್ನೆರಾದ ಗಂಡಸರು ನೂರಕ್ಕೂ ಮಿಕ್ಕಿ ಸೇರಿ ಸ್ಟಾರ್ನೊವೇಯ ಬಂಗಲೆಯವರೆಗೆ ನಡೆದು ಹೋಗಿ ಮ್ಯಾಥಿಸನ್ನನನ್ನೇ ಕಂಡರು. ನ್ಯಾಯಾಲಯದಲ್ಲಿ ಮೂವರೂ ಬಿಡುಗಡೆಯಾದರು. ಮನ್ರೋನ ದರ್ಪವೆಲ್ಲ ಅಲ್ಲಿ ಬಯಲಾಯಿತು. ಮರುವರ್ಷ ಅವನು ಕೆಲಸ ಕಳೆದುಕೊಂಡ. ಗೇಣಿದಾರರು ನ್ಯಾಯಾಲಯದಲ್ಲಿ ಗೆದ್ದ ಈ ಪ್ರಸಂಗ ಇಡೀ ಉತ್ತರ ಸ್ಕಾಟ್ಲೆಂಡಿಗೆ ಧೈರ್ಯ ತಂದುಕೊಟ್ಟಿತು.

ಅಶಾಂತಿ ಹಬ್ಬಿದಾಗ ಸರ್ಕಾರ 1883ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್. ಈತನೂ ನಮಗೆ ಹೊಸಬನಲ್ಲ. 1866ರಿಂದ 1872ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ಮಂಗಳೂರು, ಬಳ್ಳಾರಿಗಳೂ ಆಗ ಅವನ ಆಡಳಿತಕ್ಕೆ ಸೇರಿದ್ದವು. ಆಯೋಗ 61 ಸ್ಥಳಗಳಲ್ಲಿ ಕುಳಿತು 775 ಮಂದಿಯ ಸಾಕ್ಷ್ಯ ಪಡೆಯಿತು. ಸಾಕ್ಷ್ಯ ಹೇಳಿದರೆ ಜಮೀನ್ದಾರ ಒಕ್ಕಲೆಬ್ಬಿಸಿಬಿಟ್ಟಾನು ಎಂಬ ಅಂಜಿಕೆ ಹಲವರಿಗಿತ್ತು. ಆದರೂ ಬಂದರು. ಇಂಗ್ಲಿಷ್ ಬಾರದವರು ಗೇಲಿಕ್‌ನಲ್ಲಿಯೇ ಮಾತಾಡಿದರು, ದುಭಾಷಿಗಳು ತಿಳಿಸಿದರು. ಅಪ್ಪ ಕಟ್ಟಿದ ಮನೆ ಎಲ್ಲಿತ್ತು, ಯಾವ ಗೋಮಾಳ ಯಾವಾಗ ಕೈತಪ್ಪಿತು, ಗೇಣಿ ಎಷ್ಟು ಏರಿತು ಎಂಬುದೆಲ್ಲ ಸಾಕ್ಷಿಯ ಹೆಸರಿನೊಡನೆ ಅಚ್ಚಾಯಿತು. ಆ ಸಂಪುಟಗಳು ಇಂದು ಚರಿತ್ರಕಾರರಿಗೆ ಆಕರ. ಹೇಳಿದವರಿಗೆ ಅದು ಪ್ರಾಣದ ಪ್ರಶ್ನೆಯಾಗಿತ್ತು.

ಫಲವಾಗಿ ಬಂದದ್ದು 1886ರ ಕ್ರಾಫ್ಟರುಗಳ ಕಾಯಿದೆ. ಗೇಣಿ ಸಲ್ಲಿಸುತ್ತಿರುವವರನ್ನು ಇನ್ನು ಮನಬಂದಂತೆ ಒಕ್ಕಲೆಬ್ಬಿಸುವಂತಿಲ್ಲ; ನ್ಯಾಯವಾದ ಗೇಣಿಯನ್ನು ಗೊತ್ತುಪಡಿಸಲು ಪ್ರತ್ಯೇಕ ಆಯೋಗ; ಹಿಡುವಳಿ ಮಕ್ಕಳಿಗೆ ದಾಟುತ್ತದೆ; ಬಿಟ್ಟುಹೋದರೆ ಕಟ್ಟಿದ ಮನೆಗೆ ಪರಿಹಾರ. ಭೂಮಿಯೇ ಇಲ್ಲದ ಬಡವರಿಗೆ ಈ ಕಾಯಿದೆಯಿಂದ ಏನೂ ದಕ್ಕಲಿಲ್ಲ ಎಂಬುದು ಅದರ ಕೊರತೆ. ಆದರೂ ಮನೆಯ ಗೋಡೆಗೆ ಗಾರೆ ಹಾಕುವ ಧೈರ್ಯ ಜನರಿಗೆ ಬಂದದ್ದು ಈ ಕಾಯಿದೆಯಿಂದ.

ಹಕ್ಕು ಬಂತು, ಆದರೆ ಜನ ಉಳಿಯಲಿಲ್ಲ. ಮೊದಲ ಮಹಾಯುದ್ಧ ಮುಗಿದು ಊರಿಗೆ ಮರಳುತ್ತಿದ್ದ ನಾವಿಕರನ್ನು ಹೊತ್ತ 'ಅಯೊಲೇರ್' ಹಡಗು 1919ರ ಜನವರಿ 1ರ ನಸುಕಿನಲ್ಲಿ ಸ್ಟಾರ್ನೊವೇ ಬಂದರಿನ ಬಾಯಲ್ಲೇ ಬಂಡೆಗೆ ಬಡಿದು 201 ಮಂದಿ ಸತ್ತರು. ಬದುಕಿ ಬಂದವರು ಸರ್ಕಾರ ಮಾತು ಕೊಟ್ಟಿದ್ದ ಭೂಮಿಯನ್ನು ಕೇಳಿದರು. 1918ರಲ್ಲಿ ದ್ವೀಪವನ್ನು ಕೊಂಡಿದ್ದ ಸಾಬೂನು ಉದ್ಯಮಿ ಲಾರ್ಡ್ ಲೀವರ್‌ಹ್ಯೂಮ್‌ಗೆ ಬೇಕಾಗಿದ್ದದ್ದು ಹೊಲಗಳಲ್ಲ, ಮೀನಿನ ಕೈಗಾರಿಕೆ. ಜಗಳ ಬೆಳೆಯಿತು. 1923ರಲ್ಲಿ ಅವನು ಕೈಚೆಲ್ಲಿ ದ್ವೀಪವನ್ನು ಜನರಿಗೇ ದಾನ ಕೊಡಲು ಮುಂದಾದ. ಸ್ಟಾರ್ನೊವೇ ಸುತ್ತಿನವರು ಒಪ್ಪಿ ಟ್ರಸ್ಟು ಮಾಡಿಕೊಂಡರು. ಅದೇ ವರ್ಷದ ಏಪ್ರಿಲಿನಲ್ಲಿ 'ಮೆಟಗಾಮ' ಎಂಬ ಹಡಗು ಮುನ್ನೂರರಷ್ಟು ಮಂದಿಯನ್ನು, ಹೆಚ್ಚಾಗಿ ಯುವಕರನ್ನು, ಕೆನಡಾಕ್ಕೆ ಕೊಂಡೊಯ್ದಿತು. ಊರುಗಳು ನಿಧಾನವಾಗಿ ಮುದುಕರ ಊರುಗಳಾದವು. ಗಿಯರನ್ನನ್‌ನ ಕಪ್ಪು ಮನೆಗಳಲ್ಲಿದ್ದ ಕೊನೆಯ ನಿವಾಸಿಗಳು 1974ರಲ್ಲಿ ಸಮೀಪದ ಸರ್ಕಾರಿ ಮನೆಗಳಿಗೆ ಹೋದರು. ಮಾಡು ಕುಸಿಯಿತು.

1989ರಿಂದ ಊರಿನವರದೇ ಒಂದು ಟ್ರಸ್ಟು ಈ ಮನೆಗಳನ್ನು ಒಂದೊಂದಾಗಿ ಎತ್ತಿನಿಲ್ಲಿಸಿತು. ಒಂದನ್ನು ವಸ್ತುಸಂಗ್ರಹಾಲಯ ಮಾಡಿ, ಕೆಲವನ್ನು ಪ್ರವಾಸಿಗರಿಗೆ ಬಾಡಿಗೆಗೆ ಇಟ್ಟಿತು. ಹೀಗೆ ಈ ಮನೆ ನಿಮ್ಮ ಪಾಲಿಗೆ ಒದಗಿದೆ. ಆದರೆ ಮನೆ ಯಾರದು ಎಂಬ ಹಳೆಯ ಪ್ರಶ್ನೆ ದ್ವೀಪಗಳಲ್ಲಿ ಮುಗಿದಿಲ್ಲ. ಹೊರ ಹೆಬ್ರಿಡೀಸ್‌ನ ಜನಸಂಖ್ಯೆ 2011ರಲ್ಲಿ ಸುಮಾರು 27,700 ಇದ್ದದ್ದು 2022ರಲ್ಲಿ ಸುಮಾರು 26,100ಕ್ಕೆ ಇಳಿಯಿತು. ಗೇಲಿಕ್ ಮಾತಾಡುವವರು ಅಲ್ಲಿ ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆಯಾದದ್ದೂ ಅದೇ ಜನಗಣತಿಯಲ್ಲಿ. ಹೊರಗಿನವರು ರಜಾ ಮನೆಗಾಗಿ ಕೊಡುವ ಬೆಲೆಯನ್ನು ಊರಿನ ಯುವ ದಂಪತಿಗಳು ಕೊಡಲಾರರು. ಸ್ಕಾಟ್ಲೆಂಡಿನಲ್ಲಿ ಇಂಥ ಅಲ್ಪಾವಧಿ ಬಾಡಿಗೆಗೆ ಪರವಾನಗಿ ಬೇಕೆಂಬ ನಿಯಮ 2022ರಲ್ಲಿ ಬಂದು 2023ರ ಅಕ್ಟೋಬರಿನಿಂದ ಹಳಬರಿಗೂ ಅನ್ವಯವಾಯಿತು. ಇನ್ನೊಂದೆಡೆ ಜನರೇ ಒಂದಾಗಿ ಜಮೀನ್ದಾರಿಯನ್ನು ಕೊಂಡುಕೊಳ್ಳುವ ಚಳವಳಿ ಬೆಳೆದಿದೆ. ಲೂಯಿಸ್‌ನ ಗಾಲ್ಸನ್ ಜಮೀನ್ದಾರಿ 2007ರಲ್ಲಿ ಹೀಗೆ ಅಲ್ಲಿನವರ ಕೈಸೇರಿತು.

ರಜಾ ಮನೆಯೆಲ್ಲ ಕೆಡುಕು ಎಂದು ಇದರರ್ಥವಲ್ಲ. ಗಿಯರನ್ನನ್‌ನ ಮಾಡುಗಳನ್ನು ಉಳಿಸಿರುವುದು ನಿಮ್ಮಂಥ ಅತಿಥಿಗಳು ಕೊಡುವ ಬಾಡಿಗೆಯೇ. ವ್ಯತ್ಯಾಸವಿರುವುದು ಆ ಹಣ ಯಾರ ಕೈಗೆ ಹೋಗುತ್ತದೆ, ಊರಿನ ಮಾತು ನಡೆಯುತ್ತದೆಯೇ ಎಂಬುದರಲ್ಲಿ. ಆದ್ದರಿಂದ ದ್ವೀಪದಲ್ಲಿ ಮನೆ ಹಿಡಿಯುವ ಮುನ್ನ ಅದರ ಒಡೆಯರು ಯಾರೆಂದು ವಿಚಾರಿಸಿ. ಊರಿನ ಸಂಸ್ಥೆಯದಾದರೆ ಅದನ್ನೇ ಆರಿಸಿಕೊಳ್ಳಿ.

ವಾರ ಮುಗಿದು ಬೀಗದ ಕೈ ಹಿಂದಿರುಗಿಸುವಾಗ ನಿಮ್ಮ ಜೇಬಿನಲ್ಲಿರುವ ಬಾಡಿಗೆಯ ರಸೀದಿಯನ್ನು ಒಮ್ಮೆ ನೋಡಿಕೊಳ್ಳಿ. ಏಳು ದಿನ ನಿಮ್ಮನ್ನು ಯಾರೂ ಹೊರಹಾಕುವಂತಿಲ್ಲ ಎಂಬುದಕ್ಕೆ ಅದು ಆಧಾರ. ಇಂಥ ಗೋಡೆಗಳನ್ನು ಎಬ್ಬಿಸಿದವರಿಗೆ ಅಷ್ಟು ಆಧಾರವೂ 1886ರವರೆಗೆ ಇರಲಿಲ್ಲ.