ಹಳೆಯ ಬೈಸಿಕಲ್ಲಿನ ವಂಶಚರಿತ್ರೆ

ಚರಿತ್ರೆಯೆಂದೊಡನೆ ಕೋಟೆ ಕೊತ್ತಲ, ಶಾಸನ, ನಾಣ್ಯಗಳ ಕಡೆಗೇ ಮನಸ್ಸು ಹರಿಯುವುದು ವಾಡಿಕೆ. ಮಾಗಡಿಯ ಕೆಂಪೇಗೌಡರ ಹೆಸರನ್ನೂ ಸಾವನದುರ್ಗದ ಹೆಸರನ್ನೂ ಕೇಳುತ್ತ ಬೆಳೆದವರಿಗಂತೂ ಇದು ಮತ್ತಷ್ಟು ಸಹಜ. ಆದರೆ ಜಗಲಿಯ ಮೂಲೆಯಲ್ಲಿ ಒರಗಿ ನಿಂತಿರುವ ಹಳೆಯ ಬೈಸಿಕಲ್ಲೂ ಒಂದು ದಾಖಲೆಯೇ. ಓದಬಲ್ಲವರಿಗೆ ಅದರ ಒಂದೊಂದು ಭಾಗವೂ ಒಂದೊಂದು ಕಾಲದ ಸಂಗತಿಯನ್ನು ತಿಳಿಸುವುದು.

ಈ ವಾಹನದ ಮೂಲರೂಪವು ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಸಿದ್ಧವಾಯಿತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಹಿಂದಿನ ಚಕ್ರವನ್ನು ಚೈನಿನಿಂದ ನಡೆಸುವ ‘ರೋವರ್’ ಬೈಸಿಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬುವ ಟೈರನ್ನು ಕೂಡಿಸಿದನು. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಮೊದಲಾದ ಕಾರ್ಖಾನೆಗಳ ಗಾಡಿಗಳು ಹಡಗೇರಿ ಈ ದೇಶಕ್ಕೆ ಬಂದವು.

ರಾಮನಗರವು ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ಆ ಕಾಲದಲ್ಲಿ ರೈಲುದಾರಿಯು ಆ ಊರನ್ನೂ ಚನ್ನಪಟ್ಟಣವನ್ನೂ ಮುಟ್ಟಿತ್ತೇ ಹೊರತು ಕನಕಪುರ, ಮಾಗಡಿಗಳನ್ನು ಮುಟ್ಟಿರಲಿಲ್ಲ. ಬಂಡೆಗಳ ನಡುವಣ ಕಲ್ಲುಹಾದಿಯಲ್ಲಿ ಹಳ್ಳಿಯಿಂದ ಪೇಟೆಗೆ ಹೋಗಬೇಕಾದವನಿಗೆ ಎತ್ತಿನ ಗಾಡಿಗಿಂತ ಬೇಗನೆ ಸಾಗುವ ಈ ವಾಹನವು ದೊಡ್ಡ ಅನುಕೂಲವಾಗಿ ಪರಿಣಮಿಸಿತು. ಆದರೆ ಆಂಗ್ಲ ದೇಶದ ನುಣುಪಾದ ರಸ್ತೆಗೆಂದು ಮಾಡಿದ ಗಾಡಿಯು ಈ ನಾಡಿನ ದುಡಿಮೆಗೆ ಹೊಂದಿಕೊಳ್ಳಬೇಕಾಯಿತು. ರೇಷ್ಮೆಗೂಡು ಹಗುರವಾದರೂ ಬಹಳ ಜಾಗವನ್ನು ಹಿಡಿಯುವುದು. ಅಂತಹ ಮೂಟೆಗೆ ಅಗಲವಾದ ಕ್ಯಾರಿಯರು ಬೇಕು. ಹಾಲಿನವನಿಗೆ ಎರಡು ಕಡೆಯೂ ಕ್ಯಾನು ತೂಗುಹಾಕಲು ಕೊಕ್ಕೆ ಬೇಕು. ಭಾರ ಹೊರುವ ಗಾಡಿಯ ಮುಂದಿನ ಫೋರ್ಕಿಗೆ ಕಂಬಿಗಳ ಆಸರೆ ಬೇಕು. ಸಾಣೆ ಹಿಡಿಯುವವನಾದರೋ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲು ತುಳಿದು, ಸಾಣೆಕಲ್ಲನ್ನೇ ತಿರುಗಿಸಿದನು. ಮನೆಯವರು ಮಗುವಿಗಾಗಿ ಮುಂದಿನ ಅಡ್ಡಕಂಬಿಗೆ ಪುಟ್ಟ ಸೀಟನ್ನು ಬಿಗಿದರು. ಕಾಲೆಟುಕದ ಹುಡುಗನು ಅದೇ ಕಂಬಿಯ ಕೆಳಗೆ ಕಾಲು ತೂರಿಸಿ ಸವಾರಿ ಕಲಿತನು.

ಎರಡನೆಯ ಮಹಾಯುದ್ಧವು ಈ ಪೋಷಣೆಯನ್ನು ಪರೀಕ್ಷೆಗೆ ಒಡ್ಡಿತು. 1942ರಲ್ಲಿ ಮಲಯವು ಜಪಾನಿನ ವಶವಾದ ಮೇಲೆ ರಬ್ಬರು ದುರ್ಲಭವಾಯಿತು. ಸವೆದ ಟೈರಿನೊಳಗೆ ಮತ್ತೊಂದು ಟೈರಿನ ತುಂಡನ್ನಿಟ್ಟು ಓಡಿಸುವ ವಿದ್ಯೆಗೆ ಬೆಲೆ ಬಂದಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಸಂಸ್ಥೆಗಳು ತಲೆಯೆತ್ತಿದವು. ಇವು ಬಹುಮಟ್ಟಿಗೆ ಇಂಗ್ಲಿಷ್ ಅಳತೆಯನ್ನೇ ಅನುಸರಿಸಿದುದು ಹಳೆಯ ಗಾಡಿಗಳ ಪುಣ್ಯ. 28 ಅಂಗುಲದ ಚಕ್ರವೂ ಅರ್ಧ ಅಂಗುಲದ ಚೈನೂ ಹಾಗೆಯೇ ಉಳಿದುದರಿಂದ, ತಂದೆಯ ಕಾಲದ ಚೌಕಟ್ಟಿಗೆ ಮಗನ ಕಾಲದ ಬಿಡಿಭಾಗವು ಒಗ್ಗಿತು.

ಆದರೆ ಎಲ್ಲವೂ ಒಗ್ಗುವುದಿಲ್ಲ. ಪೆಡಲುಗಳ ಅಚ್ಚನ್ನು ಹಿಡಿದಿರುವ ಕಪ್ಪಿನಲ್ಲಿ ಹಳೆಯ ರ‍್ಯಾಲಿಗೆ ಅಂಗುಲಕ್ಕೆ 26 ತಿರುಪುಸುತ್ತು. ಉಳಿದ ಇಂಗ್ಲಿಷ್ ಗಾಡಿಗಳಿಗೆ ಸಾಮಾನ್ಯವಾಗಿ 24. ಇದನ್ನರಿಯದೆ ಬಲಾತ್ಕಾರವಾಗಿ ತಿರುಗಿಸಿದರೆ ಚೌಕಟ್ಟೇ ಕೆಡುವುದು. ಅನುಭವವುಳ್ಳ ರಿಪೇರಿಗಾರನ ಬೆರಳಿಗೆ ಈ ಭೇದವು ಮೊದಲನೆಯ ಸುತ್ತಿನಲ್ಲಿಯೇ ತಿಳಿಯುವುದು.

ಹೀಗೆ ಟೈರು, ಚೈನು, ಸೀಟು, ಚಕ್ರಗಳೆಲ್ಲ ಬದಲಾದ ಮೇಲೆ ಅದು ಅಜ್ಜನ ಬೈಸಿಕಲ್ಲೇ ಹೌದೆ? ಹೌದೆನ್ನಲು ಎರಡು ಆಧಾರಗಳುಂಟು. ಮೊದಲನೆಯದು ಚೌಕಟ್ಟು, ಸೀಟಿನ ಕೆಳಗೆ ಸಾಮಾನ್ಯವಾಗಿ ಒತ್ತಿರುವ ಸಂಖ್ಯೆಯೇ ಅದರ ಶಾಸನ. ಎರಡನೆಯದು ಮನೆಯವರ ನೆನಪು. ಯಾವ ಭಾಗವನ್ನು ಯಾರು, ಏತಕ್ಕಾಗಿ ಹಾಕಿಸಿದರೆಂಬುದನ್ನು ಅವರೇ ಹೇಳಬಲ್ಲರು.

ಮನೆಮನೆಗೂ ಮೋಟಾರು ವಾಹನಗಳು ಬಂದುವು. 2006-07ರಲ್ಲಿ ಕರ್ನಾಟಕ ಸರ್ಕಾರವು ಶಾಲಾ ಮಕ್ಕಳಿಗೆ ಬೈಸಿಕಲ್ ಹಂಚುವ ಯೋಜನೆಯನ್ನು ಆರಂಭಿಸಿದಾಗ ಹೊಸ ಗಾಡಿಗಳು ಹಳ್ಳಿಗಳನ್ನು ತುಂಬಿದುವು. ಹಳೆಯದಾದರೋ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದು. ಕಬ್ಬಿಣಕ್ಕೆ ಬೆಲೆ ಕಟ್ಟಬಹುದು, ಆದರೆ ಅದರೊಡನೆ ಹೋಗುವ ನೆನಪಿಗೂ ರಿಪೇರಿಗಾರನ ಕೈತಿಳಿವಿಗೂ ತಕ್ಕಡಿಯಿಲ್ಲ. ಆದಕಾರಣ ಹಳೆಯ ಗಾಡಿಯುಳ್ಳ ಮನೆಯವರು ಹೊಸ ಬಣ್ಣ ಬಳಿಸುವ ಮುನ್ನ ಆ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಅದರ ಕೆಳಗೆ, ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ, ಬದಲಾದ ಭಾಗಗಳ ವಿವರವನ್ನೂ ಸೇರಿಸಬೇಕು.