ರಿಚ್ಮಂಡಿನ ಪೆನ್ನಿ ಬ್ಯಾಂಕು

ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮಲ್ಲಿ ಹಲವರಿಗೆ, ಸಾಲ ಕೇಳಲು ಬ್ಯಾಂಕಿಗೆ ಹೋಗಿ 'ಜಾಮೀನು ಯಾರು?' ಎಂಬ ಪ್ರಶ್ನೆಗೆ ತಡವರಿಸಿದ ನೆನಪಿದೆ. ಅಂತಹ ಪ್ರಶ್ನೆಗೆ ಅಮೆರಿಕದ ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ಒಬ್ಬ ಕಪ್ಪು ಮಹಿಳೆ ಕೊಟ್ಟ ಉತ್ತರವನ್ನು ನಾವು ತಿಳಿದುಕೊಳ್ಳಬೇಕು.

ಆಕೆ ಮ್ಯಾಗಿ ಲೀನಾ ವಾಕರ್. ತಾಯಿ ಗುಲಾಮಗಿರಿಯಲ್ಲಿದ್ದು ಬಿಡುಗಡೆಯಾದವಳು, ಬಟ್ಟೆ ಒಗೆದು ಮನೆ ನಡೆಸಿದವಳು. ಒಗೆದ ಬಟ್ಟೆಯನ್ನು ಬಿಳಿಯರ ಮನೆಗಳಿಗೆ ಮುಟ್ಟಿಸುತ್ತಲೇ ಓದಿದ ಮಗಳು ಉಪಾಧ್ಯಾಯಿನಿಯಾದಳು. 1886ರಲ್ಲಿ ಮದುವೆಯಾದೊಡನೆ ಆ ಕೆಲಸ ಹೋಯಿತು. ಮದುವೆಯಾದ ಹೆಂಗಸಿಗೆ ಆಗ ಅಲ್ಲಿನ ಶಾಲೆಗಳಲ್ಲಿ ಜಾಗವಿರಲಿಲ್ಲ!

1899ರಲ್ಲಿ ಆಕೆ ಸೇಂಟ್ ಲ್ಯೂಕ್ ಎಂಬ ಕಪ್ಪು ಜನರ ಪರಸ್ಪರ ಸಹಾಯ ಸಂಘದ ಕಾರ್ಯದರ್ಶಿಯಾದಾಗ ಬೊಕ್ಕಸದಲ್ಲಿದ್ದದ್ದು 31 ಡಾಲರು ಚಿಲ್ಲರೆ, ತೀರಿಸಬೇಕಾಗಿದ್ದದ್ದು 400. ಎರಡೇ ವರ್ಷಕ್ಕೆ ಆಕೆ ಸಂಘದ ಮುಂದೆ ನಿಂತು, ನಮ್ಮದೇ ಬ್ಯಾಂಕು ಬೇಕು ಎಂದಳು. ಅದು ಸಣ್ಣ ಧೈರ್ಯವಲ್ಲ. ಬಿಡುಗಡೆಯಾದ ಗುಲಾಮರಿಗೆಂದೇ 1865ರಲ್ಲಿ ಸ್ಥಾಪಿಸಿದ ಫ್ರೀಡ್‌ಮನ್ಸ್ ಬ್ಯಾಂಕು 1874ರಲ್ಲಿ ಮುಳುಗಿ, 61,000ಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರು ಸಿಕ್ಕಿಬಿದ್ದಿತ್ತು. ಅಂತಹ ಪೆಟ್ಟು ತಿಂದವರ ಕೈಯಿಂದಲೇ ಮತ್ತೆ ಹಣ ಹೊರಡಿಸಬೇಕಿತ್ತು.

1903ರ ನವೆಂಬರ್ 2ರಂದು ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕು ಬಾಗಿಲು ತೆರೆಯಿತು. ಅಮೆರಿಕದಲ್ಲಿ ಬ್ಯಾಂಕು ಸ್ಥಾಪಿಸಲು ಸನ್ನದು ಪಡೆದ ಮೊದಲ ಕಪ್ಪು ಮಹಿಳೆ ಆಕೆ. ಹೆಸರೇ ಹೇಳುವಂತೆ ಕಾಸಿನ ಉಳಿತಾಯಕ್ಕೂ ಅಲ್ಲಿ ಮರ್ಯಾದೆಯಿತ್ತು. ಅಗಸಗಿತ್ತಿಯರು, ಮನೆಗೆಲಸದವರು ಕಟ್ಟಿದ ಹಣ ಅವರವರ ಕೇರಿಗೇ ಸಾಲವಾಗಿ ಮರಳಿತು. 1920ರ ವೇಳೆಗೆ 600ಕ್ಕೂ ಹೆಚ್ಚು ಕುಟುಂಬಗಳು ಈ ಸಾಲದಿಂದ ಸ್ವಂತ ಮನೆ ಮಾಡಿಕೊಂಡಿದ್ದವು.

ಆದರೆ ಮನೆ ಕಟ್ಟಿದಷ್ಟು ಸುಲಭವಾಗಿ ಅಂಗಡಿ ನಿಲ್ಲಲಿಲ್ಲ. ಕಪ್ಪು ಹುಡುಗಿಯರಿಗೆ ಗೌರವದ ಕೆಲಸ ಸಿಗಲೆಂದು 1905ರಲ್ಲಿ ಸಂಘ ತೆರೆದ ಎಂಪೋರಿಯಮ್ಮಿಗೆ ಸರಕು ಕೊಡಬಾರದೆಂದು ಬಿಳಿಯ ವರ್ತಕರು ಸಗಟು ವ್ಯಾಪಾರಿಗಳ ಮೇಲೆ ಒತ್ತಡ ಹಾಕಿದರು. ಗಿರಾಕಿಗಳೂ ಸಾಲದಾದರು. ಕೆಲವೇ ವರ್ಷಗಳಲ್ಲಿ ಅಂಗಡಿ ಮುಚ್ಚಿತು. ಆಕೆಯ ಗೆಲುವಿಗಿಂತ ಈ ಸೋಲೇ ನಮಗೆ ಹೆಚ್ಚು ತಿಳಿಸುತ್ತದೆ: ಕಾಸು ಕೂಡಿಸಿದವರ ಬಳಿ ಬಂಡವಾಳವೇನೋ ಹುಟ್ಟಿತು, ಪೇಟೆಯ ಕೀಲಿಕೈ ಮಾತ್ರ ಬೇರೆಯವರ ಬಳಿಯೇ ಉಳಿಯಿತು.

ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದಾಗ ಇದು ಬೇರೆ ಬ್ಯಾಂಕುಗಳೊಡನೆ ಸೇರಿ ಉಳಿಯಿತು. ಆಕೆ ಅದರ ಅಧ್ಯಕ್ಷೆಯಾಗಿದ್ದು 1934ರಲ್ಲಿ ತೀರಿಕೊಂಡಳು. ಸಾಲ ಕೊಡುವಾಗ ಹೆಣ್ಣು-ಗಂಡು ಭೇದ ಮಾಡಬಾರದೆಂದು ಅಮೆರಿಕ ಕಾನೂನು ಮಾಡಿದ್ದು 1974ರಲ್ಲಿ, ಬಣ್ಣದ ಭೇದವನ್ನೂ ಅದಕ್ಕೆ ಸೇರಿಸಿದ್ದು 1976ರಲ್ಲಿ. ಹೆಂಗಸು ವ್ಯಾಪಾರದ ಸಾಲಕ್ಕೆ ಗಂಡಸಿನ ಸಹಿ ತರಬೇಕೆಂಬ ಕೆಲವು ರಾಜ್ಯಗಳ ಪದ್ಧತಿ ತೊಲಗಿದ್ದು 1988ರ ಕಾನೂನಿನಿಂದ. ರಿಚ್ಮಂಡಿನ ಬ್ಯಾಂಕು ತೆರೆದು ಆಗ 85 ವರ್ಷವಾಗಿತ್ತು.